ತಕ್ಕಡಿ ರಿಪೇರಿ, ಸ್ಫಾಕ್ಸ್

ಕೂತ್ಕೋ ಲಸ್ಸಾದ್, ನೋಡಿಕೊಂಡು. ಆ ಸ್ಟೂಲಿನ ಒಂದು ಕಾಲು ಗಿಡ್ಡ.
ಊರಿಗೆಲ್ಲ ಸಮ ಮಾಡಿಕೊಡುವವಳ ಅಂಗಡಿಯಲ್ಲಿ
ಅದೊಂದು ಹಾಗೇ ಉಳಿದಿದೆ.
ವ್ಯಾಪಾರ ಶುರು ಮಾಡ್ತೀಯಂತೆ, ನಿಮ್ಮಮ್ಮ ಹೇಳಿದಳು.
ದಲಿಂದಾ ಚಿಕ್ಕಮ್ಮನ್ನ ಕೇಳು, ಮೂವತ್ತೊಂದು ವರ್ಷ ಕೂತಿದ್ದಾಳೆ ಅಂದಳಂತೆ.
ಕೂತದ್ದು ನಿಜ.
ಕಲಿತದ್ದು ಎಷ್ಟೋ, ನೀನೇ ತೂಗಿ ನೋಡು.

ಈ ಕೋಟೆಗೋಡೆಯೊಳಗಿನ ಪ್ರತಿ ತಕ್ಕಡಿಯೂ
ಒಂದಲ್ಲ ಒಂದು ದಿನ ಈ ಹಲಗೆಯ ಮೇಲೆ ಮಲಗಿದೆ.
ಆಲಿವ್ ಮಾರುವವನದು ಎಣ್ಣೆ ಕುಡಿದು ಸೋಮಾರಿ.
ಮೀನಿನವರದು ಉಪ್ಪು ತಿಂದು ಅಲಗು ಸವೆದದ್ದು.
ಕೆರ್ಕೆನ್ನಾ ದ್ವೀಪದಿಂದ ಒಣ ಆಕ್ಟೋಪಸ್ ತರುವ ಮುದುಕನದು
ವರ್ಷಕ್ಕೊಮ್ಮೆ ಬರುತ್ತದೆ, ನಾತದಲ್ಲೇ ಗುರುತು.
ಅಕ್ಕಸಾಲಿಯದು ಗಾಜಿನ ಪೆಟ್ಟಿಗೆಯಲ್ಲಿ,
ಹತ್ತಿರ ಉಸಿರು ಬಿಟ್ಟರೂ ಮುನಿಸು.

ನಮ್ಮಪ್ಪ ಕಲಿಸಿದ್ದು ಒಂದೇ ಮಾತು, ಅದೂ ಬೈಯುತ್ತ:
ಮೊದಲು ಖಾಲಿ ತಟ್ಟೆ ನೋಡೇ, ಕತ್ತೆ.
ಏನೂ ಇಡದಾಗ ಮುಳ್ಳು ಓರೆಯಾಗಿ ನಿಂತರೆ
ಆಮೇಲೆ ಇಟ್ಟದ್ದೆಲ್ಲ ಆ ತಪ್ಪಿನ ಮೇಲೇ ಕೂರುತ್ತದೆ.
ತಕ್ಕಡಿಯ ಮಾತು ಅಂದುಕೊಂಡಿದ್ದೆ, ಬಹಳ ದಿನ.

ಗಾಬೆಸಿನಲ್ಲಿ ಎರಡನೆಯ ಅಂಗಡಿ ತೆರೆದೆ, ನಿನಗೆ ನೆನಪಿರಲಾರದು.
ಹಸಿರು ಬೋರ್ಡು, ಇಬ್ಬರು ಆಳು, ಬ್ಯಾಂಕಿನವನ ಮುಖದ ತುಂಬ ನಗು.
ಹಾಸಿಗೆ ಮೀರಿ ಕಾಲು ಚಾಚಿದಳು ಅಂದರು ಜನ.
ಹಾಗಲ್ಲ. ಕಾಲು ಹಾಸಿಗೆಯೊಳಗೇ ಇತ್ತು,
ನಿದ್ದೆ ಇರಲಿಲ್ಲ.
ಎರಡು ವರ್ಷ ಬಸ್ಸಿನ ಕಿಟಕಿಗೆ ಹಣೆ ಒರಗಿಸಿ ಲೆಕ್ಕ ಹಾಕಿದೆ.
ಒಂದು ರಾತ್ರಿ ಮನೆಗೆ ಬಂದರೆ
ಸೀರೀನ್ ಬಾಯಿ ತೆರೆದು ತೋರಿಸಿದಳು:
ನಾಲ್ಕು ಹಲ್ಲು ಬಿದ್ದು, ಹೊಸವು ಎರಡು ಆಗಲೇ ಅರ್ಧ ಬಂದಿದ್ದವು.
ಯಾವಾಗ ಬಿತ್ತೇ ಇದು? ಇದು?
ನೀನು ಗಾಬೆಸಿನಲ್ಲಿದ್ದಾಗ.
ನಾಲ್ಕಕ್ಕೂ ಅದೇ ಉತ್ತರ.
ಬೋರ್ಡು ಮಾರಿದೆ. ಕೊಂಡವನು ಕೋಳಿಗೂಡಿಗೆ ಬಾಗಿಲು ಮಾಡಿಕೊಂಡ.

ಬಾದಾಮಿ ಸಗಟಿನ ಫರ್ಜಾನಿ ಒಮ್ಮೆ
ಕಿಲೋಗೆ ಇಪ್ಪತ್ತು ಗ್ರಾಂ ತನ್ನ ಕಡೆ ವಾಲಿಸಿಕೊಡು ಅಂತ
ಮೂರು ತಿಂಗಳ ಬಾಡಿಗೆಯಷ್ಟು ನೋಟು ಇಲ್ಲಿಟ್ಟ, ಇದೇ ಹಲಗೆ ಮೇಲೆ.
ಆಗ ಎರಡು ತಿಂಗಳು ಬಾಕಿ ಇತ್ತು ನನ್ನದು.
ನಾನು ದೊಡ್ಡ ಸತ್ಯವಂತೆ ಅಂದುಕೊಳ್ಳಬೇಡ. ಎಣಿಸಿದೆ. ಎರಡು ಸಲ.
ಆಮೇಲೆ ಅಂದೆ: ಇದು ರಿಪೇರಿ ಅಲ್ಲ, ಕೆಡಿಸೋದು.
ಕೆಡಿಸೋದಕ್ಕೆ ನನ್ನಲ್ಲಿ ದರಪಟ್ಟಿ ಇಲ್ಲ.
ಹೋದ. ಅವನ ಹಿಂದೆ ಆ ಬೀದಿಯ ಏಳು ತಕ್ಕಡಿಯೂ ಹೋದವು.
ಎಲ್ಲ ತಿರುಗಿ ಬಂದವು ಅಂತ ಕಥೆ ಮುಗಿಸೋ ಆಸೆ ನನಗೂ ಇದೆ,
ಐದು ಇವತ್ತಿಗೂ ಬಂದಿಲ್ಲ.

ಉದ್ರಿ ಕೊಡು. ಬರೆದುಕೋ. ಬರೆದದ್ದನ್ನು ನಾಲ್ಕು ಜನರೆದುರು ಓದಬೇಡ.
ಚೌಕಾಸಿ ಮಾಡುವವನ ಮೇಲೆ ರೇಗಬೇಡ,
ಮಾತಾಡದೆ ಹೊರಟುಹೋದನಲ್ಲ, ಅವನ ಬಗ್ಗೆ ಯೋಚಿಸು.

ಬ್ಯಾಟರಿ ತಕ್ಕಡಿ ಬಂದ ವರ್ಷ ಒಂದು ವಾರ ಅತ್ತೆ.
ಎಂಟನೆಯ ದಿನ ಒಂದನ್ನು ಬಿಚ್ಚಿದೆ:
ಒಳಗೊಂದು ಲೋಹದ ತುಂಡು,
ಭಾರ ಇಟ್ಟರೆ ಕಾಣದಷ್ಟು ಬಾಗುತ್ತದೆ, ಬಾಗಿದ್ದನ್ನೇ ಅದು ಓದುತ್ತದೆ.
ಅಯ್ಯೋ, ಇದೂ ನಮ್ಮ ಪೈಕಿಯೇ ಅನ್ನಿಸಿತು.

ಮಧ್ಯಾಹ್ನ ಒಂದಕ್ಕೆ ಬಾಗಿಲು ಎಳೀತೀನಿ. ಊಟ, ಒಂದು ಸಣ್ಣ ನಿದ್ದೆ.
ಆ ಹೊತ್ತಲ್ಲಿ ಎಷ್ಟು ಗಿರಾಕಿ ಬಂದು ಹೋದರೋ,
ಆ ನಷ್ಟ ಬರೆಯಲು
ಪುಸ್ತಕದಲ್ಲಿ ನಾನು ಗೆರೆ ಹಾಕಿಲ್ಲ.

ತಗೋ, ಅಪ್ಪನ ಅರ್ಧ ಕಿಲೋ ಬೊಟ್ಟು.
ಸವೆದು ನಾಲ್ಕು ಗ್ರಾಂ ಕಮ್ಮಿಯಾಗಿದೆ, ಇದರಲ್ಲಿ ತೂಗಬೇಡ.
ಬಿಲ್ಲು ಗಾಳಿಗೆ ಹಾರದ ಹಾಗೆ ಇಟ್ಟುಕೋ.
ಅಂದಹಾಗೆ, ಏನು ಮಾರ್ತೀಯ ಅಂತ ಹೇಳಲೇ ಇಲ್ಲ ನೀನು,
ನಾನೂ ಕೇಳಲಿಲ್ಲ, ನೋಡು.
ಇರು. ಯಾರೋ ಬಂದರು, ಇವತ್ತಿನ ಬೋಣಿ ಇನ್ನೂ ಆಗಿಲ್ಲ.
ಏಳು, ನೀನೇ ಹೋಗು.
ಮೊದಲು ತಟ್ಟೆ ಒರೆಸು.